ಆಂಟಿ ಕೇಳಿದ ಒಂದು ಸಹಿ

ಆಂಟಿಯ ಪಾದಗಳು ಅಗಲವಾಗಿದ್ದವು, ಹಿಮ್ಮಡಿ ಒಡೆದಿತ್ತು. ಯಾರ ಮನೆಗೆ ಬಂದರೂ ಚಪ್ಪಲಿ ಬಿಟ್ಟು, ಹುಲ್ಲಿನ ಮೇಲೆ ಒಂದು ನಿಮಿಷ ಸುಮ್ಮನೆ ನಿಂತು ಆಮೇಲೆ ಒಳಗೆ ಬರುತ್ತಿದ್ದರು.

ಅವರು ಆಸ್ಟ್ರೇಲಿಯದ ಮೂಲನಿವಾಸಿ. ಸಿಡ್ನಿಗೆ ಬಂದ ಹೊಸತರಲ್ಲಿ ನಾವು ರೆಂಟಿಗಿದ್ದ ಮನೆಯ ಪಕ್ಕದವರು. ನಾನು ಚಾಟ್ಸ್‌ವುಡ್‌ನ ಆಫೀಸಿಗೆ, ಹೆಂಡತಿ ಆಸ್ಪತ್ರೆಯ ಶಿಫ್ಟಿಗೆ ಹೋದರೆ, ಎರಡು ವರ್ಷ ನಮ್ಮ ಮಗಳನ್ನು ಶಾಲೆಯಿಂದ ಕರೆತಂದವರು ಅವರೇ. ನಾನು ಮಾಡಿದ ಉಪ್ಪಿಟ್ಟು ತಿಂದು, "ಮರಳು ಚೆನ್ನಾಗಿದೆ ಮಗಾ, ಇನ್ನೊಂದು ಸೌಟು ಹಾಕು" ಎಂದು ಇಂಗ್ಲಿಷಿನಲ್ಲಿ ರೇಗಿಸುತ್ತಿದ್ದರು.

ಅವರ ಮುತ್ತಜ್ಜನ ಅಪ್ಪ ಸಿಡ್ನಿಯ ಅಂಚಿನ ಮಾರ್ಸ್ಡನ್ ಪಾರ್ಕ್ ಕಡೆಯ ಒಂದು ತೊರೆಯ ಜನರಿಗೆ ಮುಖಂಡ. ವಲಸೆ ಬಂದ ಬಿಳಿಯರಿಗೆ ಕುಡಿಯುವ ನೀರು ತೋರಿಸಿದವನು ಅವನೇ. ಆ ಬಿಳಿಯರು 'ರಾಜ' ಎಂದು ಕೊರೆದ ಹಿತ್ತಾಳೆಯ ಬಿಲ್ಲೆಯೊಂದನ್ನು ಸರಪಳಿಗೆ ಪೋಣಿಸಿ ಅವನ ಕೊರಳಿಗೆ ಹಾಕಿದರು. ಆಮೇಲೆ ತೊರೆಗೆ ಬೇಲಿ ಬಿತ್ತು. ನೀರಿಗಿಳಿದ ಅವನ ಇಬ್ಬರು ಮಕ್ಕಳಿಗೆ ಗುಂಡು ಬಿತ್ತು. ಅವರನ್ನು ದಂಡೆಯಲ್ಲಿ ಹೂತು, ಕೊನೆಗೆ ತಾನೂ ಅಲ್ಲೇ ಮಣ್ಣಾದ. "ಹಿತ್ತಾಳೆ ಕೊಟ್ಟರು, ಹೊಳೆ ತಗೊಂಡರು" ಎನ್ನುತ್ತಿದ್ದರು ಆಂಟಿ.

ಆ ದಂಡೆಯಲ್ಲಿ ಹೊಸ ಬಡಾವಣೆ ಏಳುವಾಗ ಅವರು ಕೇಳಿದ್ದು ಒಂದೇ. ಸಮಾಧಿಯ ಜಾಗ ಬಿಟ್ಟುಬಿಡಿ ಎನ್ನುವ ಅರ್ಜಿಗೆ ನಮ್ಮ ಕನ್ನಡ ಸಂಘದ ಸಹಿ. ನಾನು ಕಾರ್ಯದರ್ಶಿ. ಆ ಬಡಾವಣೆಯಲ್ಲೇ ಒಂದು ಸೈಟು ಬುಕ್ ಮಾಡಿದ್ದೆ. ಸಮಿತಿಯ ಅರ್ಧ ಜನರೂ ಮಾಡಿದ್ದರು.

"ನಮಗ್ಯಾಕ್ರೀ ಈ ಕಾಂಟ್ರವರ್ಸಿ? ರಾಜ್ಯೋತ್ಸವಕ್ಕೆ ಕರೆದು ಒಂದು ಸನ್ಮಾನ ಮಾಡಿಬಿಡೋಣ, ಅವರಿಗೂ ಖುಷಿ" ಎಂದರು ಅಧ್ಯಕ್ಷರು.

"ಗುಡ್ ಐಡಿಯಾ ಸಾರ್" ಎಂದವನು ನಾನೇ.

ಶಾಲು, ಹಾರ, ಹಣ್ಣಿನ ಬುಟ್ಟಿ ಆಯಿತು. ಕೊನೆಗೆ ಹೆಸರು ಕೊರೆಸಿದ ಹಿತ್ತಾಳೆಯ ಫಲಕ. ಆಂಟಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಸಭೆ ಚಪ್ಪಾಳೆ ತಟ್ಟುತ್ತಿತ್ತು. ನನ್ನ ಕಿವಿಯ ಹತ್ತಿರ ಬಗ್ಗಿ, "ಕೊರಳಿಗೆ ಹಾಕೋ ಸರಪಳಿ ಮರೆತಿದ್ದೀಯಲ್ಲ, ಮಗಾ" ಎಂದರು.

ಸಹಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಅರ್ಜಿ ಬಿದ್ದುಹೋಯಿತು. ದಂಡೆಯುದ್ದಕ್ಕೂ ಮನೆಗಳೆದ್ದವು. ಕಾಲು ಸೋತ ಮೇಲೆ ಆಂಟಿ ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿದ್ದ ಮಗಳ ಮನೆ ಸೇರಿದರು. ಈ ಚಳಿಗಾಲ ಅಲ್ಲೇ ತೀರಿಕೊಂಡರು.

ಅಂತ್ಯಕ್ರಿಯೆಗೆ ಹೋಗಿದ್ದೆ. ಅವರ ಮಗಳು ನನ್ನ ಕೈ ಹಿಡಿದುಕೊಂಡೇ ಮಾತಾಡಿದಳು. "ಅಮ್ಮನ ಬೂದಿಯನ್ನು ಹಿರಿಯರ ಹತ್ತಿರ ಇಡಬೇಕು. ಆ ದಂಡೆಯಲ್ಲಿ ಏನಾದರೂ ಉಳಿದಿದೆಯಾ? ನೀವು ಈಗ ಇರೋದೆಲ್ಲಿ?"

"ಮಾರ್ಸ್ಡನ್ ಪಾರ್ಕ್" ಎಂದೆ. ಬೀದಿಯ ಹೆಸರು ಹೇಳಲಿಲ್ಲ.