ಸಂತಳ ಪಾತ್ರದಲ್ಲಿ ನಾನು ಸಾಯಲಿಲ್ಲ

ತೊಂಬತ್ತರ ದಶಕದ ಮಾತು. ಹರಪನಹಳ್ಳಿಯಲ್ಲಿ ಕ್ಯಾಥೋಲಿಕ್ ಸಿಸ್ಟರುಗಳು ನಡೆಸುತ್ತಿದ್ದ ಹಾಸ್ಟೆಲಿನಲ್ಲಿದ್ದು ನಾನು ಹತ್ತನೆಯ ತರಗತಿ ಓದುತ್ತಿದ್ದೆ. ಕ್ರೈಸ್ತರ ಹುಡುಗಿಯರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ನನ್ನಂತೆ ವಿಭೂತಿ ಹಚ್ಚುವ ಮನೆಯವರು. ಆದರೂ ಜುಲೈ ತಿಂಗಳಲ್ಲಿ ಬರುವ ಒಬ್ಬ ಕನ್ಯಾ ಸಂತಳ ಹಬ್ಬಕ್ಕೆ ಎಲ್ಲರೂ ಸೇರಿ ನಾಟಕ ಆಡಬೇಕು. ಇಟಲಿಯ ಬಡ ಹುಡುಗಿಯ ಮೇಲೆ ನೆರೆಮನೆಯವನು ಕೈಹಾಕುತ್ತಾನೆ, ಅವಳು ಒಪ್ಪುವುದಿಲ್ಲ, ಅವನು ಚಾಕು ಹಾಕುತ್ತಾನೆ, ಸಾಯುವಾಗ ಅವಳು ಅವನನ್ನು ಕ್ಷಮಿಸುತ್ತಾಳೆ. ನಮ್ಮ ಕಡೆಯ ಹಿರಿಯರಿಗೆ ಈ ಕಥೆ ಬಹಳ ಹಿಡಿಸಿತ್ತು. "ಮಾನಕ್ಕಾಗಿ ಜೀವಾನ ಕೊಟ್ಳು ನೋಡ್ರಿ" ಎಂದು ಕಣ್ಣೊರೆಸಿಕೊಂಡು ಹೋಗಿ ಮಗಳಿಗೆ ಗಂಡು ಹುಡುಕುತ್ತಿದ್ದರು.

ಆ ವರ್ಷ ಸಂತಳ ಪಾತ್ರ ನನಗೆ ಬಂತು. ಅವಳ ಕೈಯಲ್ಲಿರಬೇಕಾದ ಲಿಲ್ಲಿ ಹೂ ನಮ್ಮಲ್ಲಿ ಎಲ್ಲಿ ಸಿಗಬೇಕು? ಹಡಗಲಿ ಮಲ್ಲಿಗೆ ಕೊಟ್ಟರು. ತಾಲೀಮಿನಲ್ಲಿ ನಾನು, "ಓಡಿ ತಪ್ಪಿಸ್ಕೊಂಡಿದ್ರ ಆಕಿಗೆ ಹಬ್ಬಾ ಮಾಡ್ತಿದ್ದಿಲ್ಲೇನ್ರಿ?" ಎಂದು ಕೇಳಿದ್ದಕ್ಕೆ ಹಿರಿಯ ಸಿಸ್ಟರ್ ಮಂಡಿಯೂರಿಸಿದರು. ಕಿರಿಯ ಸಿಸ್ಟರ್ ನೆಲ ನೋಡುತ್ತ ನಿಂತಿದ್ದರು.

ನಾನು ಸುಮ್ಮನೆ ಕೇಳಿದ್ದಲ್ಲ. ಕಾರಹುಣ್ಣಿಮೆಗೆ ನಮ್ಮೂರು ತೆಲಿಗಿಗೆ ಹೋದಾಗ ಸೋದರಮಾವನ ಮಗ ಬಣವೆಯ ಹಿಂದೆ ನನ್ನ ಬಾಯಿ ಮುಚ್ಚಿ ಎಳೆದಿದ್ದ. ನಾನು ಅವನಿಗೇ ಎಂದು ಎಲ್ಲರೂ ಹೇಳಿ ಹೇಳಿ, ಅವನು ನನ್ನನ್ನು ತನ್ನ ಆಸ್ತಿಯೆಂದೇ ತಿಳಿದಿದ್ದ. ಹಲ್ಲು ನಾಟುವಂತೆ ಅವನ ಕೈ ಕಚ್ಚಿ ಓಡಿದ್ದೆ. ಅವ್ವನಿಗೆ ಮಾತ್ರ ಹೇಳಿದೆ. "ಬಾಯಿ ಬಿಡಬ್ಯಾಡ. ನಿಮ್ಮಪ್ಪಗ ಗೊತ್ತಾದ್ರ ಸಾಲಿ ಬಿಡಿಸಿ ಅವಗ ಕಟ್ತಾನ" ಅಂದಳು. ಅವನೋ, ನಾಯಿ ಕಚ್ಚಿತು ಎಂದು ಊರಿಗೆಲ್ಲ ಸಾರಿದ. ಪಾಪ, ಅಪ್ಪನೇ ಅವನನ್ನು ಹರಪನಹಳ್ಳಿ ಆಸ್ಪತ್ರೆಗೆ ಕರೆತಂದು ಹೊಕ್ಕಳ ಸುತ್ತ ಸೂಜಿ ಚುಚ್ಚಿಸುತ್ತಿದ್ದ.

ಹಬ್ಬದ ದಿನವೂ ಸೂಜಿ ಮುಗಿಸಿಕೊಂಡು ಇಬ್ಬರೂ ಬಂದು ಮುಂದಿನ ಸಾಲಿನಲ್ಲೇ ಕೂತರು.

ಕಾಡಿಗೆಯ ಮೀಸೆ ಬರೆದುಕೊಂಡ ಗೆಳತಿ ರಟ್ಟಿನ ಚಾಕು ಹಾಕಿದಳು. ಬಿದ್ದೆ. ಉಳಿದದ್ದು ಒಂದೇ ಮಾತು: "ನಾನು ಅವನನ್ನು ಕ್ಷಮಿಸಿದ್ದೇನೆ." ತಲೆ ಎತ್ತಿದರೆ ಎದುರಿಗೆ ಬ್ಯಾಂಡೇಜು ಸುತ್ತಿದ ಆ ಕೈ. ಅವನು ನಗುತ್ತಿದ್ದ. ಪರದೆಯ ಹಿಂದಿನಿಂದ ಕಿರಿಯ ಸಿಸ್ಟರ್, "ಕ್ಷಮಿಸಿದ್ದೇನೆ" ಎಂದು ಪಿಸುಗುಟ್ಟಿದರು. ಸ್ವಲ್ಪ ತಡೆದು ಮತ್ತೆ ಪಿಸುಗುಟ್ಟಿದರು.

ನಾನು ಎದ್ದು ನಿಂತೆ. ಸತ್ತವಳು ಎದ್ದಳೆಂದು ಹಿಂದೆ ಯಾರೋ ನಕ್ಕರು.

"ನಾ ಸಾಯಂಗಿಲ್ಲ" ಅಂದೆ. "ಇವನ್ನ ಕ್ಷಮಿಸಂಗೂ ಇಲ್ಲ."

ಪರದೆ ಎಳೆಯಿರಿ ಎಂದು ಹಿರಿಯ ಸಿಸ್ಟರ್ ಕೂಗಿದರು. ಹಗ್ಗ ಕಿರಿಯ ಸಿಸ್ಟರ್ ಕೈಯಲ್ಲಿತ್ತು. ಅವರು ಎಳೆಯಲಿಲ್ಲ.

ಅಪ್ಪ ಎದ್ದ. ಮುಖ ಕಪ್ಪಿಟ್ಟಿತ್ತು. ನನ್ನ ಓದು ಇವತ್ತಿಗೆ ಮುಗಿಯಿತು ಅಂದುಕೊಂಡೆ.

"ಯಾರನ್ನವ್ವಾ, ಕ್ಷಮಿಸಂಗಿಲ್ಲ ಅನ್ನಾದು?"

"ಅಪ್ಪಾ, ಅವಗ ಕಚ್ಚಿದ್ದು ನಾಯಿ ಅಲ್ಲ. ನಾನು."

ಅಪ್ಪ ನನ್ನನ್ನು ನೋಡಿದ. ಪಕ್ಕದಲ್ಲಿದ್ದವನ ಕೈ ನೋಡಿದ. ಅವನು ಆ ಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡ. ಅಷ್ಟು ಸಾಕಾಯಿತು. ಅಪ್ಪ ಅವನ ಕೊರಳಪಟ್ಟಿ ಹಿಡಿದು ಎಬ್ಬಿಸಿ ಗೇಟಿನ ಕಡೆಗೆ ದಬ್ಬಿದ. ಆಮೇಲೆ ಹಿರಿಯ ಸಿಸ್ಟರ್ ಕಡೆ ತಿರುಗಿ ಕೈಮುಗಿದ.

"ನಾಟಕ ಕೆಡಿಸಿದ್ಲಂತ ಇಕಿನ್ನ ಮನಿಗೆ ಕಳಸಬ್ಯಾಡ್ರಿ" ಅಂದ. "ಮನ್ಯಾಗ ಇಕಿನ್ನ ನಾವು ಕಾಯಲಿಲ್ಲ."