ಏರು ಬಂದಾಗ ಮುಂದಕ್ಕೆ ಸರಿಯುವುದು

ಇವತ್ತು ಹೆಬ್ಬಾಳದ ಫ್ಲೈಓವರ್ ಬುಡದಲ್ಲಿ ಮದುವೆ ಮೆರವಣಿಗೆ ಮುಗಿಸಿದ ಬಿಳಿ ಕುದುರೆಯೊಂದು ತಲೆ ತಗ್ಗಿಸಿ ನಿಂತಿತ್ತು. ಕ್ಯಾಬ್‌ನ ಕಿಟಕಿಯಿಂದ ಅದರ ಬೆವರಿನ ವಾಸನೆ ಬಂದದ್ದೇ ಬಾಷಾ ಸಾಬರ ಜಟಕಾ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಒಮ್ಮೆ, ಊರಲ್ಲಿ ಅಜ್ಜಿಗೆ ಸೀರಿಯಸ್ ಎಂದು ಟೆಲಿಗ್ರಾಂ ಬಂದಿತ್ತು. ಅಮ್ಮ ನನ್ನನ್ನು ಎಳೆದುಕೊಂಡು ಆರ್.ಟಿ. ನಗರದಿಂದ ಯಶವಂತಪುರ ಸ್ಟೇಷನ್ನಿಗೆ ಸಾಬರ ಜಟಕಾ ಹತ್ತಿದಳು. ದಾರಿಯಲ್ಲೊಂದು ಏರು ಬಂದಾಗ ಕುದುರೆ ಓಟ ಬಿಟ್ಟು ನಡಿಗೆಗೆ ಇಳಿಯಿತು.

“ಒಂದೇಟು ಹಾಕ್ರೀ, ರೈಲು ತಪ್ಪತೈತಿ,” ಎಂದಳು ಧಾರವಾಡದ ಅಮ್ಮ.

“ಹೊಡೆದ್ರೆ ನಾಕು ಹೆಜ್ಜೆ ಓಡುತ್ತಮ್ಮಾ, ಆಮೇಲೆ ನಿಂತೇ ಬಿಡುತ್ತೆ. ಬೆಳಗ್ಗೆಯಿಂದ ದುಡಿದಿದೆ. ನೀವು ಮುಂದಕ್ಕೆ ಸರೀರಿ. ಹಿಂದೆ ಭಾರ ಆದ್ರೆ ಗಾಡಿ ಮುಂದೆ ಮೇಲಕ್ಕೆದ್ದು ಅದರ ಹೊಟ್ಟೆಪಟ್ಟಿ ಬಿಗಿಯುತ್ತೆ,” ಎಂದ ಸಾಬರು ತಾವೇ ಇಳಿದು ನಡೆದರು.

ಗಾಡಿಯಲ್ಲಿ ಹಾಸಿದ್ದ ಹುಲ್ಲಿನ ಮೇಲೆ ನಾವು ಮುಂದಕ್ಕೆ ಜರುಗಿದೆವು. ಸ್ವಲ್ಪ ಹೊತ್ತಿಗೆ ಅಮ್ಮನೂ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದಳು.

ಸ್ಟೇಷನ್ ತಲುಪಿದಾಗ ರೈಲು ಹೋಗಿತ್ತು. ಅಮ್ಮ ಸಾಬರನ್ನು ಬೈಯಲಿಲ್ಲ. ಕುದುರೆಯ ಬಾಯಿಯ ನೊರೆ ನೋಡುತ್ತಾ, “ಅದಕ್ಕೂ ಸಾಕಾಗೇತಿ ಪಾಪ,” ಎಂದು ಟ್ರಂಕಿನ ಮೇಲೆ ಕೂತುಬಿಟ್ಟಳು. ಮರುದಿನದ ರೈಲಿಗೆ ಹೋದೆವು. ಅಜ್ಜಿಯ ಮುಖ ನೋಡಲು ಸಿಗಲಿಲ್ಲ.

ಇವತ್ತು ಆಸ್ಪತ್ರೆಯಲ್ಲಿರುವವಳು ಅಮ್ಮ. “ಬೇಗ ಹೋಗಿ” ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಡ್ರೈವರ್ ಕಣ್ಣುಜ್ಜಿಕೊಂಡು, “ಬೆಳಗಿನ ಜಾವದಿಂದ ಡ್ಯೂಟಿ, ಮೇಡಂ,” ಎಂದ. ಕಾರು ಫ್ಲೈಓವರ್ ಏರತೊಡಗಿದಾಗ ನೋಡಿಕೊಂಡೆ, ನಾನು ಸೀಟಿನ ಅಂಚಿಗೆ, ಮುಂದಕ್ಕೆ ಸರಿದು ಕೂತಿದ್ದೆ.