ಸಮುದ್ರದಿಂದ ಬಂದ ಸಿಹಿನೀರು

ಹುಬ್ಬಳ್ಳಿ ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ಧಾರವಾಡದ ಗಾಡಿಗೆ ಕಾಯುತ್ತಿದ್ದೆ. ಎದುರಿಗೆ ಕಾರವಾರದ ಕಡೆಯ ಮಾಸ್ತರರೊಬ್ಬರು. ಅವರ ಊರಿನ ಬಾವಿಗಳೆಲ್ಲ ಉಪ್ಪಾಗಿವೆ. ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಸಮುದ್ರದ ನೀರನ್ನು ಬಿಸಿಲಿಗಿಟ್ಟು, ಗಾಜಿನಿಂದಿಳಿದ ಸಿಹಿ ಹನಿಗಳನ್ನು ತಂಬಿಗೆಯಲ್ಲಿ ಕೂಡಿಸಿ ತಂದಿದ್ದರು. ಧಾರವಾಡದ ಸಾಹೇಬರು ಇಂದು ಪರೀಕ್ಷಿಸಿ ಒಪ್ಪಿದರೆ ಊರಿಗೆಲ್ಲ ಅಂಥ ಪೆಟ್ಟಿಗೆಗಳು. ನಾಳೆ ಸಾಹೇಬರು ವಿಲಾಯತಿಗೆ ಹೊರಡುತ್ತಾರಂತೆ. “ಹೌ ವಂಡರ್‌ಫುಲ್!” ಎಂದು ಹೇಳಿ ನಾನು ತುಸು ಕಣ್ಣು ಮುಚ್ಚಿದೆ.

ಮಾಸ್ತರರು ಟಿಕೆಟ್ಟು ತೆಗೆಸಿ ಬರುವಷ್ಟರಲ್ಲಿ, ನನ್ನ ಪಕ್ಕದಲ್ಲಿ ಗಾಡಿಗೆ ಕಾಯುತ್ತಿದ್ದ ಹುಬ್ಬಳ್ಳಿಯ ಬಸವ್ವ ತಂಬಿಗೆಯನ್ನು ಫಳಫಳ ತೊಳೆದಿಟ್ಟಿದ್ದರು.

“ನಿನ್ನಿ ನೀರು ಯಾಕ ಕುಡೀತೀರಿ ಮಾಸ್ತರ? ಅದನ್ನ ಚೆಲ್ಲಿ, ನಮ್ಮ ಉಣಕಲ್ ಕೆರಿ ನೀರು ತುಂಬೇನ್ರಿ. ಸಕ್ಕರಿ ಇದ್ದಂಗ ಐತಿ!”

ಈ ಕಡೆ ಬೆಳಗಾದರೆ ಕೊಡ ತೊಳೆದು ಹೊಸ ನೀರು ತುಂಬುತ್ತಾರೆ. ಹಳೆಯ ನೀರನ್ನು ಪರಊರಿನವರಿಗೆ ಕುಡಿಯಗೊಡುವುದಿಲ್ಲ.

“ಸಾಹೇಬರಿಗೆ ಎಕ್ಸ್‌ಪ್ಲೇನ್ ಮಾಡಿ,” ಎಂದೆ.

“ಬರೀ ಮಾತು ಯಾರು ನಂಬ್ತಾರೆ, ಅಮ್ಮ? ಕೆರೆ ನೀರು ತೋರಿಸಿ ಸಮುದ್ರದ್ದು ಅಂತ ಹೇಳೂಕೆ ಆಗ್ತದ್ಯಾ?”

“ಮೊದಲ ಕುಡೀರಿ, ಹೆಂಗ ಐತಿ ಹೇಳ್ರಿ,” ಎಂದರು ಬಸವ್ವ.

ಮಾಸ್ತರರು ತಂಬಿಗೆ ಎತ್ತಿ, ಉಸಿರು ಬಿಡದೆ ತಳ ಕಾಣುವವರೆಗೂ ಕುಡಿದರು. “ಸಿಹಿಯಾಗಿದೆ, ತಾಯಿ,” ಎಂದರು. ಆಮೇಲೆ ಕಾರವಾರದ ಮೋಟಾರು ಎಲ್ಲಿ ನಿಲ್ಲುತ್ತದೆಂದು ಕೇಳಿದರು.